ಬಿಳಿಗಣ್ಣಿನ ಮೀನು

ಕರಡಿ ಬಾಗಿಲಲ್ಲಿತ್ತು.

ಬಾಗಿಲು ಎಂದರೆ ಸೊಳ್ಳೆಪರದೆ ಹೊಡೆದ ಮರದ ಚೌಕಟ್ಟು, ಅಷ್ಟೇ. ಒಂದೇ ಏಟಿಗೆ ಪರದೆ ಹರಿದು, ತಲೆಯನ್ನೂ ಒಂದು ಭುಜವನ್ನೂ ಕೋಣೆಯೊಳಗೆ ತೂರಿಸಿ, ಮೂಗು ಅಲ್ಲಾಡಿಸುತ್ತ ನಿಂತಿತ್ತು. ಕಪ್ಪು ಕರಡಿ. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

ಮಂಚದ ಮೇಲೆ ಮುದುಕ ಗೊರಕೆ ಹೊಡೆಯುತ್ತಿದ್ದ. ಮೂಲೆಯ ಕುರ್ಚಿಯಲ್ಲಿ ನಾನು.

"ಯಜಮಾನ್ರೇ," ಎಂದೆ ಮೆಲ್ಲಗೆ. "ಏಳಿ."

"ಊಟ ಆಯ್ತಲ್ಲಯ್ಯಾ," ಎಂದ ಕಣ್ಣು ಬಿಡದೆ.

"ನಮ್ಮದಾಯ್ತು. ಇದರದ್ದು ಆಗಿಲ್ಲ."

ಮೊಳೆಗೆ ನೇತುಹಾಕಿದ್ದ ಕರಡಿ ಓಡಿಸುವ ಖಾರದ ಸ್ಪ್ರೇ ಡಬ್ಬಿ ಕಿತ್ತುಕೊಂಡೆ. ಮುಖಕ್ಕೆ ಗುರಿಯಿಟ್ಟು ಒತ್ತಿದೆ. ಫುಸ್ ಎಂದಿತು... ಮುಗಿಯಿತು. ಖಾಲಿ. ಬೆಳಿಗ್ಗೆ ನಾನೇ ಕೈಯಲ್ಲಿ ತೂಗಿ ನೋಡಿದ್ದೆ. ಆಗ ತುಂಬಿತ್ತು.

ಕರಡಿ ನನ್ನನ್ನು ನೋಡುತ್ತಿರಲಿಲ್ಲ. ಮುದುಕನನ್ನೂ ಅಲ್ಲ. ಅದರ ಮೂಗು ಮಂಚದ ಕೆಳಗಿನ ಕತ್ತಲೆಯ ಕಡೆಗಿತ್ತು. ಬಗ್ಗಿ ನೋಡಿದೆ. ಅಲ್ಲೊಂದು ಗೋಣಿಚೀಲ. ಒದ್ದೆ. ತಳದಿಂದ ಹಳದಿ ನೀರು ನೆಲಕ್ಕೆ ಹರಿದಿತ್ತು.

ಮೀನಿನ ಕರುಳು.

ಕೋಣೆಗೆ ಬಂದಾಗಲೇ ನಾತ ಮೂಗಿಗೆ ಬಡಿದಿತ್ತು. ಆದರೆ ಆ ಲಾಡ್ಜಿನಲ್ಲಿ ಯಾವುದು ನಾತ ಹೊಡೆಯುತ್ತಿರಲಿಲ್ಲ ಹೇಳು? ದಿಂಬು, ಕಾಫಿ ಲೋಟ, ನನ್ನ ಸ್ವಂತ ಕೈ, ಎಲ್ಲದಕ್ಕೂ ಮೀನಿನ ವಾಸನೆ. ನನಗೆ ಮೀನೆಂದರೆ ಆಗದು. ಮೀನು ಹಿಡಿಯುವವರಂತೂ ಆಗದೇ ಆಗದು.

ಚೀಲ ಎಳೆದುಕೊಂಡು ಹಿಂದಿನ ಕಿಟಕಿಗೆ ಓಡಿದೆ. ಹೊರಗೆ ಎಸೆಯುವುದು ನನ್ನ ಲೆಕ್ಕ. ಚೌಕಟ್ಟಿನ ಮೊಳೆಗೆ ಸಿಕ್ಕಿ ಚೀಲ ಪರ್ರನೆ ಹರಿಯಿತು. ಅರ್ಧ ಹೊರಗೆ ಬಿತ್ತು. ಉಳಿದರ್ಧ ನನ್ನ ಕುತ್ತಿಗೆ, ಎದೆ, ಪ್ಯಾಂಟಿನ ಒಳಗೆ.

ಆಗ ಕರಡಿ ನನ್ನನ್ನು ನೋಡಿತು.

ಕಿಟಕಿಯಿಂದ ಹಾರಿದೆ. ಓಡಿದೆ. ಹಿಂದೆ ಗೋಡೆಯ ಹಲಗೆ ಮುರಿದ ಸದ್ದು. ಮನುಷ್ಯ ಕರಡಿಗಿಂತ ವೇಗವಾಗಿ ಓಡಲಾರ, ಅದು ನನಗೆ ಗೊತ್ತಿತ್ತು. ಕರುಳು ಮೆತ್ತಿಕೊಂಡು ಓಡುವವನಿಗೆ ಬಚ್ಚಿಟ್ಟುಕೊಳ್ಳುವ ಭಾಗ್ಯವೂ ಇಲ್ಲ. ದೋಣಿ ಕಟ್ಟುವ ಕಟ್ಟೆಯ ಹಲಗೆಗಳ ಮೇಲೆ ದಡದಡ ಓಡಿ, ತುದಿಯಿಂದ ನೀರಿಗೆ ಧುಮುಕಿದೆ.

ಬೇಸಿಗೆ ಮುಗಿಯುತ್ತ ಬಂದಿತ್ತು. ಆ ಉತ್ತರದ ಸರೋವರದ ನೀರು ಆಗಲೇ ಹಲ್ಲು ಕಡಿಯುವಷ್ಟು ತಣ್ಣಗಿತ್ತು.

ದಡದಿಂದ ಢಂ ಎಂದು ಸದ್ದಾಯಿತು. ಇನ್ನೊಂದು. ಅಲ್ಲಿನ ಮೂಲನಿವಾಸಿ ಗೈಡ್ ಎನೋಸ್ ತನ್ನ ತೋಟಾ ಬಂದೂಕಿನಿಂದ ಕರಡಿಯ ತಲೆಯ ಮೇಲಿಂದ ಹಾದುಹೋಗುವಂತೆ ಬರೀ ಸದ್ದಿನ ಪಟಾಕಿ ಗುಂಡು ಹಾರಿಸಿದ್ದ. ಕರಡಿ ಒಂದು ಸಲ ಗುರ್ರೆಂದು, ಕಿಟಕಿಯ ಕೆಳಗೆ ಬಿದ್ದಿದ್ದ ಪಾಲನ್ನು ಬಾಯಲ್ಲಿ ಕಚ್ಚಿಕೊಂಡು ಕಾಡಿಗೆ ನಡೆಯಿತು.

"ಈಜೋಕೆ ಒಳ್ಳೇ ದಿನ ನೋಡ್ಕೊಂಡೆ," ಎಂದ ಎನೋಸ್, ಕೈ ಚಾಚಿ ನನ್ನನ್ನು ಎತ್ತುತ್ತ.

"ನಗಬೇಡ. ವಾಂತಿ ಬರ್ತಿದೆ."

"ಅತ್ಲಾಗೆ ಮಾಡು. ಇಲ್ಲಿ ನಾನು ಮೀನು ತೊಳೀತೀನಿ."

ನಾನು ಅಲ್ಲಿಗೆ ಹೋದದ್ದು ಮೀನಿಗಾಗಿ ಅಲ್ಲ, ಮುದುಕನಿಗಾಗಿ.

ಹಿಂದಿನ ವಾರ ಕೆನೋರಾ ಊರಿನ ನನ್ನ ಪತ್ತೇದಾರಿ ಆಫೀಸಿಗೆ ಒಬ್ಬ ಹೆಂಗಸು ಬಂದಿದ್ದಳು. ಲೊರೇನ್. ಗಡಿಯಾಚೆ ವಿಸ್ಕಾನ್ಸಿನ್ನಿನಿಂದ ಒಬ್ಬಳೇ ಕಾರು ಓಡಿಸಿಕೊಂಡು. ಅವಳಪ್ಪನೇ ಈ ಮುದುಕ, ಓರ್ವಿಲ್ ಟೆಶ್, ಮಾಂಸದ ಕಾರ್ಖಾನೆಯ ಮಾಲೀಕ. ಕಾರ್ಖಾನೆ ನಡೆಸುತ್ತಿದ್ದವರು ಅವಳ ಅಣ್ಣ ಕರ್ಟ್, ತಮ್ಮ ಡ್ವೇನ್. ಹಸಿರು ತಿರುಗಿದ ಮಾಂಸವನ್ನು ಬ್ಲೀಚಿನಲ್ಲಿ ತೊಳೆದು, ಅರೆದು, ಶಾಲೆಗಳ ಊಟಕ್ಕೆ ಮಾರುತ್ತಿದ್ದರು. ಮುದುಕನಿಗೆ ಗೊತ್ತಿತ್ತು. ವರ್ಷಗಟ್ಟಲೆ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಮಕ್ಕಳು ಕಾಯಿಲೆ ಬಿದ್ದವು. ಕೆಲವು ಸತ್ತವು. ಲೊರೇನಳ ಮಗಳು ಆಸ್ಪತ್ರೆಯಲ್ಲಿ ಯಂತ್ರಕ್ಕೆ ಅಂಟಿಕೊಂಡು ಮಲಗಿದ್ದಳು. ಅವಳೂ ಅದೇ ಶಾಲೆ, ಅದೇ ಊಟ. ಮೊಮ್ಮಗಳ ಮುಖ ನೋಡಿ ಬಂದ ಮುದುಕ, ಸೋಮವಾರ ಕೋರ್ಟಿನಲ್ಲಿ ಎಲ್ಲ ಹೇಳುತ್ತೇನೆ ಎಂದ. ಗಂಡುಮಕ್ಕಳು ತಕ್ಷಣ ಬಹಳ ಪ್ರೀತಿಯವರಾಗಿಬಿಟ್ಟರು. ಬಾ ಅಪ್ಪ, ಪ್ರತಿ ವರ್ಷದ ಹಾಗೆ ಮೀನು ಹಿಡಿಯಲು ಹೋಗೋಣ ಎಂದರು.

"ಅಪ್ಪನನ್ನ ಸೋಮವಾರದ ತನಕ ಉಳಿಸಿಕೊಡಿ," ಎಂದಿದ್ದಳು ಲೊರೇನ್. "ಅವರು ಒಳ್ಳೆಯವರು ಅಂತ ಅಲ್ಲ. ಅವರ ಮಾತು ಬೇಕು."

ಹಾಗಾಗಿ ಮುದುಕನ ಕೈಚೀಲ ಹೊರುವ ಆಳಿನ ವೇಷದಲ್ಲಿ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಬಂದಿದ್ದೆ. ಸುತ್ತ ಕಾಡು, ರಸ್ತೆಯಿಲ್ಲ. ಅಪ್ಪ, ಇಬ್ಬರು ಗಂಡುಮಕ್ಕಳು, ನಾನು, ಲಾಡ್ಜಿನ ಒಡತಿ ಹೆಲ್ವಿ ಮತ್ತು ಎನೋಸ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮೈ ತೊಳೆದುಕೊಂಡು ಕೋಣೆಗೆ ಮರಳಿದೆ. ಮುದುಕ ಮಂಚದ ಮೇಲೆ ಕೂತು ಹರಿದ ಪರದೆಯನ್ನು ನೋಡುತ್ತಿದ್ದ. ನಾನು ಮಂಚದ ಕೆಳಗೆ ಟಾರ್ಚು ಬಿಟ್ಟೆ. ಚೀಲದಿಂದ ಉರುಳಿದ್ದ ಒಂದು ಮೀನಿನ ತಲೆ ಗೋಡೆಗೆ ಆತುಕೊಂಡಿತ್ತು. ನನ್ನ ಎರಡು ಮುಷ್ಟಿ ಸೇರಿಸಿದಷ್ಟು ದೊಡ್ಡದು. ಚರ್ಮದ ತುಂಬ ತಿಳಿ ಚುಕ್ಕೆ. ಒಂದು ಕಣ್ಣು ಸರಿಯಾಗಿತ್ತು. ಇನ್ನೊಂದು ಕುರುಡು, ಬೇಯಿಸಿದ ಮೊಟ್ಟೆಯ ಹಾಗೆ ಬಿಳಿ.

ಟ್ರೌಟ್.

ಮೀನು ಕಂಡರಾಗದ ನನಗೂ ಅಷ್ಟು ಗೊತ್ತು. ಲಾಡ್ಜಿನ ಸುತ್ತ ಸಿಗುವುದು ಪಿಕರೆಲ್ ಮೀನು. ಎನೋಸ್ ಕೊಯ್ಯುತ್ತಿದ್ದುದೂ ನಾವು ತಿನ್ನುತ್ತಿದ್ದುದೂ ಅದನ್ನೇ. ಟ್ರೌಟ್ ಬೇಕೆಂದರೆ ಉತ್ತರದ ತುದಿಯ ಆಳದ ಮಡುವಿಗೇ ಹೋಗಬೇಕು. ಆವತ್ತು ಅಲ್ಲಿಗೆ ಹೋದದ್ದು ಒಂದೇ ದೋಣಿ. ಗೈಡ್ ಬೇಡ ಎಂದು ಬೆಳಿಗ್ಗೆಯೇ ಹೊರಟ ಕರ್ಟ್ ಮತ್ತು ಡ್ವೇನ್.

ಮಧ್ಯಾಹ್ನ ಹೆಲ್ವಿಯೂ ಸೇರಿ ಉಳಿದ ನಾವೆಲ್ಲ ದೋಣಿಯಲ್ಲಿ ಹೋಗಿ, ದೂರದ ಬಂಡೆಯ ಮೇಲೆ ಬೆಂಕಿ ಹಾಕಿ, ಹಿಡಿದ ಮೀನನ್ನು ಅಲ್ಲೇ ಕರಿದು ತಿನ್ನುವುದು ಅಲ್ಲಿನ ಪದ್ಧತಿ. ಆ ಹೊತ್ತು ಲಾಡ್ಜ್ ಖಾಲಿ. ಆಗ ಅಣ್ಣತಮ್ಮಂದಿರು ಬಂದು ಚೀಲ ಇಟ್ಟಿದ್ದಾರೆ, ಡಬ್ಬಿ ಖಾಲಿ ಮಾಡಿದ್ದಾರೆ. ಊಟವಾದ ಮೇಲೆ ಮುದುಕ ಮಲಗುತ್ತಾನೆ, ನಾನು ಹೆಲ್ವಿಯ ಅಡುಗೆಮನೆಗೆ ಕಾಫಿಗೆ ಹೋಗುತ್ತೇನೆ. ಅದೂ ಅವರಿಗೆ ಗೊತ್ತು. ಈ ವರ್ಷ ಕಾಡಿನಲ್ಲಿ ಹಣ್ಣು ಬಿಟ್ಟಿರಲಿಲ್ಲ, ಕರಡಿಗಳು ಹಸಿದು ಲಾಡ್ಜಿನ ಸುತ್ತಲೇ ತಿರುಗುತ್ತಿದ್ದವು. ಅವರಿಗೆ ಗೊತ್ತಿಲ್ಲದ್ದು ಒಂದೇ. ಆ ಕರಿದ ಮೀನು ನನ್ನ ಹೊಟ್ಟೆ ಕೆಡಿಸಿತ್ತು. ಕಾಫಿಗೆ ಹೋಗದೆ ಮೂಲೆಯಲ್ಲಿ ಮುದುರಿ ಕೂತಿದ್ದೆ.

ಮುದುಕನಿಗೆ ಎಲ್ಲ ಬಿಡಿಸಿ ಹೇಳಿದೆ. ತಲೆ ತೋರಿಸಿದೆ.

"ನನ್ನ ಮಕ್ಕಳಾ?" ಎಂದ. "ಅವರಿಗೆ ಅಷ್ಟು ತಲೆ ಎಲ್ಲಿದೆ?"

"ಕರ್ಟ್‌ಗೆ ಇದೆ."

"ಎನೋಸ್ ಮರೆತು ಇಟ್ಟಿರ್ತಾನೆ."

"ನಿಮ್ಮ ಮಂಚದ ಕೆಳಗಾ?"

"ತಲೆ ತಿನ್ಬೇಡ. ನಾಳೆ ಹುಡುಗರ ಜೊತೆ ಆಳದ ಮಡುವಿಗೆ ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ. ನಾವು ಮೂವರೇ. ನೀನು ಬೇಡ."

ಮೂವರು ಹೋಗುತ್ತಾರೆ, ಇಬ್ಬರು ಅಳುತ್ತ ಬರುತ್ತಾರೆ. ಅದನ್ನೂ ಹೇಳಿದೆ. ಮುದುಕ ಗೋಡೆಗೆ ಮುಖ ತಿರುಗಿಸಿದ. ಹೆಲ್ವಿಯ ಉಪಗ್ರಹ ಫೋನಿನಿಂದ ಪೊಲೀಸರ ಜೊತೆ ಮಾತಾಡಿದೆ. ಕರಡಿ ಬಂದದ್ದು ಅಪರಾಧವಲ್ಲ ಎಂದರು. ಮಕ್ಕಳೇ ಮಾಡಿದ್ದೆಂದು ತೋರಿಸಿದರೆ ವಿಮಾನ ಕಳಿಸುತ್ತೇವೆ ಎಂದರು. ಮೀನಿನ ತಲೆಯನ್ನು ಪೇಪರಿನಲ್ಲಿ ಸುತ್ತಿ ಮಂಜುಗಡ್ಡೆ ಕೋಣೆಯಲ್ಲಿಟ್ಟೆ.

ಸಂಜೆ ಅಣ್ಣತಮ್ಮಂದಿರ ದೋಣಿ ಬಂತು. ಕಟ್ಟೆಯ ಮೇಲೆ ಅಪ್ಪ ಕಾಲು ಇಳಿಬಿಟ್ಟುಕೊಂಡು ಕೂತದ್ದು ಕಂಡು ಕರ್ಟ್‌ನ ಮುಖ ಹುಳ್ಳಗಾಯಿತು. ಒಂದೇ ಗಳಿಗೆ. ಆಮೇಲೆ ನಕ್ಕ.

"ಏನಾದ್ರೂ ಸಿಕ್ತಾ?" ಎಂದೆ.

"ಇಲ್ಲ. ಇಡೀ ದಿನ ಒಂದೂ ಕಚ್ಚಲಿಲ್ಲ," ಎಂದ ಕರ್ಟ್.

ಡ್ವೇನ್ ಏನೋ ಹೇಳಲು ಬಾಯಿ ತೆರೆದ. ಅಣ್ಣನ ಮುಖ ನೋಡಿ ಮುಚ್ಚಿದ. ನಾನು ಅದನ್ನು ಗಮನಿಸಿದೆ.

ಮೀನು ಕೊಯ್ಯುವ ಶೆಡ್ಡಿನ ಹಿಂದೆ ಕರ್ಟ್ ನನ್ನನ್ನು ಹಿಡಿದ. ಕೈಯಲ್ಲಿ ಮೀನು ಸೀಳುವ ತೆಳು ಚಾಕು. ಅದರ ತುದಿ ನನ್ನ ಪಕ್ಕೆಗೆ ತಾಗಿತು.

"ನೀನು ಆಳಲ್ಲ."

"ಚೀಲ ಹೊರ್ತೀನಲ್ಲ."

"ಲೊರೇನ್ ಕಳಿಸಿದ್ಲು ಅಲ್ವಾ? ಕೇಳು. ಎನೋಸ್ ಕುಡಿದು ಕರುಳಿನ ಚೀಲ ಎಲ್ಲೋ ಬಿಟ್ಟ. ಕರಡಿ ಬಂತು. ಎಲ್ಲರೂ ನಂಬ್ತಾರೆ."

"ಎನೋಸ್ ಕುಡಿಯಲ್ಲ."

"ಅವನಂಥವರು ಕುಡೀತಾರೆ ಅಂದ್ರೆ ಯಾರೂ ಎರಡನೇ ಸಲ ಕೇಳಲ್ಲ. ನಾಳೆ ನೀನು ಹೊರಡ್ತೀಯ. ಇಲ್ಲ ಅಂದ್ರೆ ಈ ನೀರಿನ ತಳ ಇನ್ನೂ ಯಾರೂ ನೋಡಿಲ್ಲ."

ಅವನ ಬಾಯಿಂದ ಪುದೀನ ಪೆಪ್ಪರ್‌ಮೆಂಟಿನ ವಾಸನೆ ಬರುತ್ತಿತ್ತು. ಕರುಳಿನ ಚೀಲಕ್ಕಿಂತ ಅದೇ ಹೆಚ್ಚು ಅಸಹ್ಯ ಎನ್ನಿಸಿತು.

"ಊಟಕ್ಕೆ ಹೊತ್ತಾಯ್ತು," ಎಂದೆ. "ಹೆಲ್ವಿಯಕ್ಕ ಕಾಯಿಸಿದ್ರೆ ಬೈತಾಳೆ."

ಹೆಲ್ವಿಯ ಊಟದ ಮೇಜು ಉದ್ದನೆಯದು. ಕರಿದ ಪಿಕರೆಲ್, ಬೀನ್ಸ್, ಆಲೂಗಡ್ಡೆ. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಎನೋಸ್ ಬಾಗಿಲ ಪಕ್ಕ ಕೂತಿದ್ದ. ಶೆಡ್ಡಿನ ಹಿಂದೆ ಕರ್ಟ್ ಆಡಿದ ಮಾತನ್ನು ಅವನ ಕಿವಿಗೆ ಹಾಕಿದ್ದೆ. ನಾನು ಮೀನು ಮುಟ್ಟಲಿಲ್ಲ. ಡ್ವೇನನ ಎದುರಿಗೆ ಕೂತು ಬ್ರೆಡ್ಡು ಅಗಿಯುತ್ತ ಅವನನ್ನೇ ನೋಡಿದೆ. ನಲವತ್ತು ದಾಟಿದ ಗಂಡಸು, ಅಪ್ಪನ ಮುಂದೆ ಇನ್ನೂ ತಲೆ ತಗ್ಗಿಸಿ ಉಣ್ಣುತ್ತಿದ್ದ.

"ಇಡೀ ದಿನ ಒಂದೂ ಇಲ್ವಾ, ಡ್ವೇನ್?" ಎಂದೆ. "ಎನೋಸ್ ಕಣ್ಣು ಮುಚ್ಕೊಂಡು ಬೆಳಿಗ್ಗೆ ಬುಟ್ಟಿ ತುಂಬಿಸಿದ."

"ಗಾಳಿ ಸರಿ ಇರ್ಲಿಲ್ಲ."

"ನಮ್ಮ ಕಡೆಯೂ ಅದೇ ಗಾಳಿ."

ಅಷ್ಟು ಸಾಕಾಯಿತು. ಮುದುಕ ಫೋರ್ಕು ಕೆಳಗಿಟ್ಟ.

"ಇವನ ಕಥೆ ನನ್ನ ಕೇಳು," ಎಂದ. "ಚಿಕ್ಕವನಿದ್ದಾಗ ಬಕೆಟ್ಟಿಗೆ ಮೀನು ಬಿಟ್ಟು, ಗಾಳ ಕೈಗೆ ಕೊಟ್ಟಿದ್ದೆ. ಬಕೆಟ್ಟಿನಲ್ಲಿ! ಅದನ್ನೂ ಹಿಡೀಲಿಲ್ಲ."

ಹೆಲ್ವಿ ನಕ್ಕಳು. ಡ್ವೇನನ ಕಿವಿ ಕೆಂಪಾಯಿತು.

"ಅಪ್ಪ, ಸಾಕು," ಎಂದ ಕರ್ಟ್, ತಮ್ಮನ ಭುಜದ ಮೇಲೆ ಕೈಯಿಟ್ಟು.

"ಯಾಕೆ ಸಾಕು? ಪ್ರತಿ ವರ್ಷ ಕರ್ಕೊಂಡು ಬರ್ತೀನಿ. ಪ್ರತಿ ವರ್ಷ ಕಡ್ಡಿಯಷ್ಟು ಹಿಡಿದು ತರ್ತಾನೆ. ಈ ವರ್ಷ ಅದೂ ಇಲ್ಲ. ಲೊರೇನ್ ಹೆಣ್ಣಾಗಿ ಇವನಿಗಿಂತ ದೊಡ್ಡದು ಹಿಡಿದಿದ್ಲು."

"ನಾನು ಹಿಡಿದೆ," ಎಂದ ಡ್ವೇನ್.

"ಬಾಯಿ ಮುಚ್ಚು," ಎಂದ ಕರ್ಟ್.

"ಏನು ಹಿಡಿದೆಯೋ? ನೆಗಡಿನಾ?" ಎಂದ ಮುದುಕ.

ಡ್ವೇನ್ ಎದ್ದು ನಿಂತ. ಜೇಬಿನಿಂದ ಮೊಬೈಲ್ ತೆಗೆದು, ಬೆರಳಿನಿಂದ ಒರೆಸಿ, ಅಪ್ಪನ ಮೂಗಿನ ಮುಂದೆ ಹಿಡಿದ.

"ನೋಡು. ನೋಡು ಅಪ್ಪ. ಇದನ್ನ ನಾನು ಹಿಡಿದೆ. ಇವತ್ತು. ಒಬ್ಬನೇ ಎಳ್ಕೊಂಡೆ. ನೀನು ಜನ್ಮದಲ್ಲಿ ಇಷ್ಟು ದೊಡ್ಡ ಟ್ರೌಟ್ ಹಿಡಿದಿದೀಯಾ?"

"ಅಳಿಸು ಅಂದಿದ್ದೆನಲ್ಲೋ, ಹಂದಿ," ಎಂದ ಕರ್ಟ್.

ಚಿತ್ರದಲ್ಲಿ ಡ್ವೇನ್ ದೋಣಿಯಲ್ಲಿ ಮಂಡಿಯೂರಿ, ಹಲ್ಲೆಲ್ಲ ಬಿಟ್ಟು ನಗುತ್ತಿದ್ದ. ಮುಂದೆ ಚಾಚಿದ ತೋಳಿನ ಮೇಲೆ ಮೀನು. ಅದರ ಒಂದು ಕಣ್ಣು ಬಿಳಿ.

ನಾನು ಎದ್ದು ಮಂಜುಗಡ್ಡೆ ಕೋಣೆಗೆ ಹೋಗಿ ಪೇಪರಿನ ಗಂಟು ತಂದೆ. ಬೀನ್ಸ್ ಪಾತ್ರೆಯ ಪಕ್ಕದಲ್ಲಿ ಬಿಚ್ಚಿಟ್ಟೆ. ಆ ತಲೆ ಬಿಳಿಗಣ್ಣು ಬಿಟ್ಟು ಎಲ್ಲರನ್ನೂ ನೋಡಿತು.

"ಇದು ನಿಮ್ಮ ಮಂಚದ ಕೆಳಗಿತ್ತು, ಯಜಮಾನ್ರೇ."

ಕರ್ಟ್‌ನ ಚಾಕು ಹೊರಬಂತು. ಮೇಜಿನ ಮೇಲಿಂದ ಹಾರಿ ನನ್ನ ಮೇಲೆ ಬಿದ್ದ. ಕುರ್ಚಿ ಸಮೇತ ಉರುಳಿದೆವು. ಅಂಗಿಯ ತೋಳು ಸೀಳಿತು, ತೋಳೂ ಸ್ವಲ್ಪ ಸೀಳಿತು. ಅವನ ಮಣಿಕಟ್ಟು ಸಿಕ್ಕಿತು, ತಿರುಚಿದೆ. ಅಷ್ಟರಲ್ಲಿ ಹೆಲ್ವಿಯ ಬೀಡು ಕಬ್ಬಿಣದ ಬಾಣಲೆ ಕರ್ಟ್‌ನ ತಲೆಗೆ ಬಡಿಯಿತು. ಬಿಸಿ ಎಣ್ಣೆಯಲ್ಲಿ ಅರ್ಧ ಪಾಲು ನನಗೂ ಬಂತು. ಎನೋಸ್ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ.

"ನಾನು ಕುಡಿದಿಲ್ಲ," ಎಂದ ನೆಲದ ಮೇಲಿದ್ದ ಕರ್ಟ್‌ಗೆ. "ಗುರಿ ತಪ್ಪಲ್ಲ."

ಪೊಲೀಸರು ಬೆಳಿಗ್ಗೆ ವಿಮಾನದಲ್ಲಿ ಬಂದು ಇಬ್ಬರನ್ನೂ ಎತ್ತಿಕೊಂಡು ಹೋದರು. ಸೋಮವಾರ ಮುದುಕ ಕೋರ್ಟಿನಲ್ಲಿ ನಿಂತು ಬ್ಲೀಚಿನಿಂದ ಹಿಡಿದು ಎಲ್ಲವನ್ನೂ ಹೇಳಿದ, ತನ್ನ ಹೆಸರನ್ನೂ ಸೇರಿಸಿ. ಲೊರೇನ್ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ಮಗಳು ಇನ್ನೂ ಯಂತ್ರದ ಮೇಲೇ ಇದ್ದಾಳಂತೆ. ನನ್ನ ಕೆಲಸ ಮುಗಿಯಿತು. ಆದರೆ ನನ್ನ ಮೂಗಿನಲ್ಲಿ ಉಳಿದಿರುವುದು ಕೋರ್ಟಲ್ಲ, ಆ ಊಟದ ಮೇಜು.

ಕರ್ಟ್‌ನನ್ನು ಕಟ್ಟಿಹಾಕಿದ ಮೇಲೆ ಡ್ವೇನ್ ಕುರ್ಚಿಯಲ್ಲಿ ಕುಸಿದು ಮಗುವಿನ ಹಾಗೆ ಅಳುತ್ತಿದ್ದ. ಮುದುಕ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಮೇಜಿನ ಮೇಲಿದ್ದ ಮೊಬೈಲ್ ಎತ್ತಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ತನ್ನನ್ನು ಕರಡಿಯ ಬಾಯಿಗೆ ಹಾಕಲು ನೋಡಿದ ಮಗನಿಗೆ ಈಗ ಏನು ಹೇಳುತ್ತಾನೋ ಎಂದು ನಾವೆಲ್ಲ ಕಾದೆವು.

"ದೊಡ್ಡದಾಗಿ ಕಾಣ್ಲಿ ಅಂತ ಕೈ ಮುಂದಕ್ಕೆ ಚಾಚಿ ಹಿಡಿದಿದೀಯ," ಎಂದ ಮುದುಕ. "ಅಷ್ಟೇನೂ ದೊಡ್ಡದಲ್ಲ ಬಿಡು."