ಸಾಹೇಬರು ಬಂದರೆ ನಿಲ್ಲುವ ಗೊರಗೊರ

"ಸಹಿ ಹಾಕಲ್ಲ ಮಾವ! ಕೆಲಸ ಹೋದ್ರೂ ಹಾಕಲ್ಲ!"

ಅಗ್ನಿಶಾಮಕ ಠಾಣೆಯಲ್ಲಿ ವೈರ್‌ಲೆಸ್ ಕೇಳುವ ನನ್ನ ಅಕ್ಕ, ಮಾವನ ರೇಡಿಯೋ ರಿಪೇರಿ ಮೇಜಿನ ಮೇಲೆ ಕಾಗದವೊಂದನ್ನು ಕುಕ್ಕಿದಳು. 'ಕರ್ತವ್ಯದಲ್ಲಿ ನಿದ್ದೆ ಮಾಡಿದೆ' ಎಂದು ಠಾಣೆಯ ಸಾಹೇಬರು ಬರೆಸಿ ಕೊಟ್ಟ ತಪ್ಪೊಪ್ಪಿಗೆ ಅದು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಬೆಂಕಿಯ ನಡುವಿನಿಂದ ಠಾಣೆಯ ಗಾಡಿಯ ಚಾಲಕ "ಇನ್ನೊಂದು ಗಾಡಿ ಕಳಿಸಿ" ಎಂದು ಮೂರು ಸಲ ಕೂಗಿದ್ದ. ಅಕ್ಕನಿಗೆ ಕೇಳಿಸಿದ್ದು ಬರೀ ಗೊರಗೊರ. ಅವನ ಕೈಗಳೆರಡೂ ಸುಟ್ಟಿದ್ದವು.

"ಸಾಹೇಬ್ರು ಸೆಟ್ಟು ನೋಡಿದ್ರಾ?" ಮಾವ ಕೇಳಿದರು. ಅವರ ಜೊತೆ ಇಪ್ಪತ್ತು ವರ್ಷ ದುಡಿದ ನನಗೆ ಗೊತ್ತು, ಆ ಮೆಲುದನಿ ಬಂತೆಂದರೆ ಗಂಟು ಬಿಚ್ಚತೊಡಗಿತೆಂದೇ ಅರ್ಥ.

"ಆರು ಸಲ! ಅವ್ರು ಕೆಳಗಿಳಿದ್ರೆ ಸಾಕು, ಸೆಟ್ಟು ಸಾಧು ಹಸು. ಆ ಕೋಣೇಲಿ ನಾನೊಬ್ಳೇ, ಸಾಕ್ಷಿ ಯಾರು?"

"ಮೇಲಿರೋನು ಇದಾನಲ್ಲ. ನಡಿ."

ಠಾಣೆಯ ದಾಖಲೆ ಪುಸ್ತಕದಲ್ಲಿ ಅಕ್ಕ ತಿಂಗಳಿಂದ ಗೊರಗೊರದ ವೇಳೆ ಬರೆದಿಟ್ಟಿದ್ದಳು: ಹತ್ತಕ್ಕೆ ಶುರು, ಊಟದ ಹೊತ್ತಿಗೆ ಬಂದ್, ಮತ್ತೆ ಶುರು. ಭಾನುವಾರ ಇಲ್ಲ. ಸೆಟ್ಟಿಗೆ ದನಿ ಹಿಡಿದು ತರುವ ಏರಿಯಲ್ ತಂತಿ ಮಹಡಿಯ ಮೇಲಿನ ಸಾಹೇಬರ ಕಿಟಕಿಗೆ ಒರಗಿಕೊಂಡೇ ಹೋಗಿತ್ತು. ಅವರ ಕೋಣೆಯಲ್ಲಿ ತಿಂಗಳ ಹಿಂದೆ ಹಾಕಿಸಿದ ಹೊಸ ದೀಪಗಳಿದ್ದವು. ಬಾಗಿಲ ಮೇಲೆ ಅವರದೇ ಕೈಬರಹ: 'ಹೊರಗೆ ಹೋಗುವಾಗ ದೀಪ ಆರಿಸಿ.'

ಮಾವ ಎಲ್ಲರನ್ನೂ ವೈರ್‌ಲೆಸ್ ಕೋಣೆಗೆ ಕರೆಸಿದರು. ಕೈಗೆ ಬಟ್ಟೆ ಸುತ್ತಿಕೊಂಡ ಚಾಲಕನೂ ಬಂದ.

"ಇದೇನು ನಾಟಕ? ಸೆಟ್ಟು ತೆಪ್ಪಗಿದೆಯಲ್ಲ!" ಸಾಹೇಬರು ಗುಡುಗಿದರು.

ಮಾವ ಕಣ್ಸನ್ನೆ ಮಾಡಿದರು. ನಾನು ಮೇಲೆ ಓಡಿ ಸಾಹೇಬರ ದೀಪ ಹಾಕಿದೆ. ಮರಳಿ ಬರುವಷ್ಟರಲ್ಲಿ ಸೆಟ್ಟು ಕಣಜದ ಗೂಡಿನಂತೆ ಗೊರಗುಟ್ಟುತ್ತಿತ್ತು.

"ಈ ಹಳೇ ಸೆಟ್ಟು ಗುಡ್ಡದಾಚೆಯ ಕೂಗೂ ಕೇಳಿಸ್ಕೊಳ್ಳುತ್ತೆ, ಪಕ್ಕದ ಕಳಪೆ ದೀಪ ಎಬ್ಬಿಸೋ ವಿದ್ಯುತ್ ಗಲಾಟೇನೂ ಕೇಳಿಸ್ಕೊಳ್ಳುತ್ತೆ," ಎಂದರು ಮಾವ. "ನೀವು ಹತ್ತಕ್ಕೆ ಬರ್ತೀರಿ, ದೀಪ ಹಾಕ್ತೀರಿ. ಊಟಕ್ಕೆ ಹೋಗ್ವಾಗ ಆರಿಸ್ತೀರಿ. ಭಾನುವಾರ ರಜೆ. ಸೆಟ್ಟು ಪರೀಕ್ಷೆ ಮಾಡೋಕೆ ಇಳಿಯುವಾಗಲೂ ನಿಯಮ ತಪ್ಪಲಿಲ್ಲ, ದೀಪ ಆರಿಸಿಯೇ ಬಂದ್ರಿ. ಕಳ್ಳನ್ನ ಮಲಗಿಸಿ ಬಂದು ಕಾವಲು ಕೂತ ಹಾಗಾಯ್ತು, ಸಾಹೇಬ್ರೆ."

ಚಾಲಕ ತನ್ನ ಕೈಗಳನ್ನು ನೋಡಿಕೊಂಡ.

"ನಂಗೆ ಗೊತ್ತಿರ್ಲಿಲ್ಲ," ಸಾಹೇಬರ ದನಿ ಇಳಿಯಿತು. "ಆ ಕಾಗದ ಹರಿದು ಹಾಕಮ್ಮ."

"ಯಾಕ್ ಹರೀಲಿ?" ಅಕ್ಕ ಅದರಲ್ಲಿದ್ದ ತನ್ನ ಹೆಸರು ಹೊಡೆದುಹಾಕಿ, ಮೇಲೊಂದು ಹೆಸರು ಬರೆದು, ಪೆನ್ನು ಚಾಚಿದಳು. "ಉಳಿದದ್ದೆಲ್ಲ ಸರಿಯಾಗೇ ಇದೆ. ಸಹಿ ಹಾಕಿ ಸಾಹೇಬ್ರೆ."