ಗೇಟುಮನೆಯ ಮೇಲಿನ ಹೆಬ್ಬೆಟ್ಟು

"ಆಯ್ತಾ ಚುಕ್ಕಿ? ಆ ಮನುಷ್ಯ ಬಂದ ನೋಡು!"

ಅಂಗಡಿಯ ಮುಂಭಾಗದಿಂದ ಸೋದರಮಾವ ಕೂಗಿದಾಗ ಚುಕ್ಕಿ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಹೆಬ್ಬೆರಳಿಗೆ ಅಂಟಿದ ನೀಲಿ ಶಾಯಿ ಇನ್ನೂ ಒಣಗಿರಲಿಲ್ಲ...

ಬಾಗಿಲಲ್ಲಿ ನಿಂತವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ದನಿಯನ್ನು ಮಾತ್ರ ಊರೇ ಬಲ್ಲದು. ನಿಲ್ದಾಣದ ಮೈಕಿನಲ್ಲಿ ಯಾವ ರೈಲು ಬಂತು, ಯಾವುದು ಹೊರಟಿತು ಎಂದು ಹೇಳುವವನು ಇವನೇ. ಅವನಿಗೊಂದು ಹುಚ್ಚು. ರೈಲು ಓಡಿಸಿ ನಿವೃತ್ತರಾದವರನ್ನು ಹುಡುಕಿಕೊಂಡು ಹೋಗುವುದು, ಅವರು ಓಡಿಸಿದ ಎಂಜಿನ್ನಿನ ಪುಟಾಣಿ ಮಾದರಿಯ ಮೇಲೆ ಅವರ ಕೈಯಿಂದಲೇ ಸಹಿ ಹಾಕಿಸಿಕೊಳ್ಳುವುದು. ಅದಕ್ಕೇ ಮಾವ ಅವನಿಗೆ ಸಹಿರಾಯ ಎಂದು ಹೆಸರಿಟ್ಟಿದ್ದ.

ಮಾದರಿ ರೈಲು ರಿಪೇರಿ ಮಾಡುವ ಆ ಅಂಗಡಿಯಲ್ಲಿ ಚುಕ್ಕಿಯದು ಬಣ್ಣದ ಕೆಲಸ. ಸಹಿರಾಯ ಕೊಟ್ಟುಹೋಗಿದ್ದ ಮಾದರಿಗಳ ಧೂಳು ತೆಗೆಯಬೇಕಿತ್ತು, ಬಣ್ಣ ಎದ್ದಲ್ಲಿ ಬಳಿಯಬೇಕಿತ್ತು. "ಸಹಿ ಜೋಪಾನ" ಎಂದು ಮಾವನಿಗೆ ಹೇಳಿಹೋಗಿದ್ದ. ಅವಳು ಪ್ರತಿ ಸಹಿಯ ಮೇಲೂ ತೆಳುವಾದ ಪಟ್ಟಿ ಅಂಟಿಸಿಯೇ ಕೆಲಸಕ್ಕೆ ಕೂತಿದ್ದಳು.

ಕೊನೆಗೆ ಕೈಗೆ ಬಂದದ್ದು ಗೇಟುಮನೆ. ರಸ್ತೆಗೆ ಹಳಿ ಅಡ್ಡಬರುವಲ್ಲಿ ಗೇಟು ಹಾಕುವವನು ಕೂರುತ್ತಾನಲ್ಲ, ಆ ಕೋಣೆ. ಬೆಂಕಿಪೊಟ್ಟಣದಷ್ಟಿತ್ತು. ಅದರ ಮೇಲೆಲ್ಲೂ ಸಹಿ ಇರಲಿಲ್ಲ. ಚಾವಣಿಯ ಮೇಲೆ ಒಂದು ನೀಲಿ ಕಲೆ ಮಾತ್ರ.

'ಯಾರೋ ಶಾಯಿ ಕೈಯಲ್ಲಿ ಮುಟ್ಟಿದ್ದಾರೆ' ಎಂದುಕೊಂಡು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು. ಅಂಚಿನಲ್ಲಿ ಚೂರು ಉಳಿಯಿತು. ಆ ಚೂರಿನಲ್ಲಿ ಸುತ್ತುಸುತ್ತಾಗಿ ಗೆರೆಗಳು ಕಂಡವು.

ಅಯ್ಯೋ... ಇದು ಕಲೆಯಲ್ಲ! ಬರೆಯಲು ಬಾರದ ಯಾರೋ ಒತ್ತಿದ ಹೆಬ್ಬೆಟ್ಟು!

ಮಾವನನ್ನು ಕೂಗು ಎಂದಿತು ಬುದ್ಧಿ. ಯಾರಿಗೆ ಗೊತ್ತಾಗುತ್ತದೆ ಎಂದಿತು ಭಯ. ಅಷ್ಟರಲ್ಲಿ ಹೊರಗೆ ಸಹಿರಾಯನ ದನಿ ಕೇಳಿಸಿತು. ಮೇಜಿನ ಮೇಲೆ ಅಂಗಡಿಯ ಮೊಹರಿಗೆಂದು ಇಟ್ಟ ಶಾಯಿಪ್ಯಾಡು ಇತ್ತು. ಹಿಂದೆಮುಂದೆ ನೋಡದೆ ಅವಳು ಉಳಿದ ಚೂರನ್ನೂ ಒರೆಸಿ, ತನ್ನ ಹೆಬ್ಬೆರಳನ್ನೇ ಅಲ್ಲಿ ಒತ್ತಿಬಿಟ್ಟಿದ್ದಳು!

ಒಳಗೆ ಬಂದವನು ಎಂಜಿನ್ನುಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಗೇಟುಮನೆಯನ್ನು ಎತ್ತಿಕೊಂಡು ಚಾವಣಿ ನೋಡಿ, ತಡೆದಿದ್ದ ಉಸಿರು ಬಿಟ್ಟ.

"ಎಷ್ಟು ಜೋಪಾನ ಮಾಡಿದ್ದೀರಿ! ಇಲ್ಲಿಗೆ ಕೊಟ್ಟಮೇಲೆ ನನಗೆ ನಿದ್ದೆಯೇ ಬಂದಿರಲಿಲ್ಲ."

'ಹೇಳಿಬಿಡು... ಈಗಲೇ ಹೇಳಿಬಿಡು...'

ಆದರೆ "ಇದು... ಯಾರದ್ದು?" ಎಂದಷ್ಟೇ ಕೇಳಿದಳು.

ಅವನ ಮುಖ ಕೆಂಪಾಯಿತು. "ಅದಾ... ಯಾರೋ ಹಳೇ ಗೇಟಿನವರದ್ದು, ಬಿಡಿ" ಎಂದು ಸರಕ್ಕನೆ ಚೀಲಕ್ಕೆ ಹಾಕಿಕೊಂಡ.

ಯಾರೋ ಅಂದಮೇಲೆ ಅಂಥ ದೊಡ್ಡ ವಿಷಯವೇನಲ್ಲ ಎಂದು ಚುಕ್ಕಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ.

ಆಮೇಲೆ ಸಹಿರಾಯ ಏನಾದರೊಂದು ನೆಪ ಹಿಡಿದು ಬರತೊಡಗಿದ. ಒಂದು ದಿನ ಕೊಂಡಿ ಮುರಿದಿದೆ, ಇನ್ನೊಂದು ದಿನ ಚಕ್ರ ಸಡಿಲ.

"ಈ ಚಕ್ರ ನಿನ್ನೆ ತಾನೆ ಕೂರಿಸಿದ್ದೆ ಕಣೇ" ಎಂದ ಮಾವ. "ಮನೇಲಿ ಕೂತು ಹಲ್ಲಲ್ಲಿ ಕಚ್ಚಿ ಕೀಳ್ತಾನೋ ಏನೋ!"

"ಸುಮ್ಮನಿರಿ ಮಾವ, ಕೇಳಿಸತ್ತೆ!"

"ಕೇಳಿಸಲಿ ಅಂತಾನೇ ಹೇಳಿದ್ದು."

ಒಂದು ಭಾನುವಾರ ಸಹಿರಾಯ ಒಬ್ಬ ಹಳೆಯ ಚಾಲಕರ ಸಹಿ ತರಲು ಅವಳನ್ನೂ ಕರೆದುಕೊಂಡು ಹೋದ. ಮುದುಕರ ಕೈ ನಡುಗುತ್ತಿತ್ತು.

"ಅಷ್ಟು ದೊಡ್ಡ ಎಂಜಿನ್ನು ನಿಲ್ಲಿಸ್ತಿದ್ದ ಕೈ ಕಣಪ್ಪಾ ಇದು. ಈಗ ಒಂದು ಪೆನ್ನು ನಿಲ್ಲಿಸೋಕೆ ಆಗ್ತಿಲ್ಲ!" ಎಂದು ನಗುತ್ತ ಹೇಗೋ ಗೀಚಿದರು. ಆಮೇಲೆ ಚುಕ್ಕಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ಇವಳು ಯಾರು? ನಿನ್ನ ಗಾರ್ಡಾ? ಹಸಿರು ಬಾವುಟ ತೋರಿಸಿದಳೋ ಇಲ್ವೋ?"

ಇಬ್ಬರೂ ನಾಚಿ ನೆಲ ನೋಡಿದರು. ಬರುವಾಗ ದಾರಿಯುದ್ದಕ್ಕೂ ಚುಕ್ಕಿಯ ಕೈಯಲ್ಲೇ ಇತ್ತು ಆ ಎಂಜಿನ್ನು. ಶಾಯಿ ಅಳಿಸೀತೆಂದು ಉಸಿರೂ ಬಿಡದೆ ಹಿಡಿದಿದ್ದಳು. ಅವಳ ಆ ಜೋಪಾನ ನೋಡಿ ಅವನು ಇನ್ನಷ್ಟು ಕರಗಿಹೋದ. ಅವಳು ಇನ್ನಷ್ಟು ಕುಗ್ಗಿಹೋದಳು.

"ನಮ್ಮಮ್ಮ ನಿಮ್ಮನ್ನ ನೋಡಬೇಕಂತೆ" ಎಂದ, ಮೆಲ್ಲಗೆ. "ಬರ್ತೀರಾ?"

ಬೇಡವೆನ್ನಲು ಅವಳಿಂದ ಆಗಲಿಲ್ಲ.

ಎರಡೇ ಕೋಣೆಯ ಮನೆ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ರೈಲು. ಅವನು ಹಾಲು ತರಲು ಹೊರಗೆ ಹೋಗಿದ್ದಾಗ ಅವನ ತಾಯಿ ಗೇಟುಮನೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದರು.

"ಇದು ನಮ್ಮೋರದ್ದಮ್ಮ. ಗೇಟು ಕಾಯ್ತಿದ್ದರು. ಒಂದಕ್ಷರ ಬರ್ತಿರಲಿಲ್ಲ. ಮಗ ಎಲ್ಲರ ಸಹಿ ತರೋನು, ಇವರನ್ನ ಮಾತ್ರ ಕೇಳ್ತಿರಲಿಲ್ಲ. ಕೊನೆಗೊಂದಿನ ಕೇಳಿದ. ಕಾಯಿಲೆಯಲ್ಲೂ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಒತ್ತಿದರು ನೋಡು... ಆಮೇಲೆ ಹಾಸಿಗೆಯಿಂದ ಏಳಲೇ ಇಲ್ಲ."

ಆಕೆ ಆ ಹೆಬ್ಬೆಟ್ಟನ್ನು ಕಣ್ಣಿಗೊತ್ತಿಕೊಂಡರು. ಚುಕ್ಕಿಯ ಹೆಬ್ಬೆಟ್ಟನ್ನು!

"ನೀನೂ ಒಂದ್ಸಲ ಮುಟ್ಟಮ್ಮ. ಅವರಿದ್ದಿದ್ರೆ ನಿನ್ನ ನೋಡಿ ಎಷ್ಟು ಖುಷಿಪಡ್ತಿದ್ರೋ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಹೆಬ್ಬೆಟ್ಟು ನೋಡಿದಳು, ಆ ತಾಯಿಯ ಮುಖ ನೋಡಿದಳು... "ನನ್ನಿಂದ ಆಗಲ್ಲಮ್ಮ!" ಎಂದವಳೇ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಓಡಿದಳು. ಎದುರಿಗೆ ಬರುತ್ತಿದ್ದ ಸಹಿರಾಯ "ಚುಕ್ಕಿ!" ಎಂದು ಕೂಗಿದರೂ ನಿಲ್ಲಲಿಲ್ಲ.

ಅವನ ಫೋನನ್ನು ಅವಳು ಎತ್ತಲಿಲ್ಲ. ಆಮೇಲಾಮೇಲೆ ಫೋನೂ ಬರಲಿಲ್ಲ. ಒಂದು ಮಧ್ಯಾಹ್ನ ಅವನೇ ಬಂದ. ಮುಖ ಕಲ್ಲಾಗಿತ್ತು.

"ನನ್ನ ಎಂಜಿನ್ನು ಉಳಿದಿದ್ರೆ ಕೊಟ್ಟುಬಿಡಿ."

"ನಾನು ನಿಮಗೊಂದು..."

"ಹೇಳೋದೇನೂ ಬೇಡ. ಅಮ್ಮ ಎಲ್ಲ ಹೇಳಿದರು. ಹೆಬ್ಬೆಟ್ಟು ಒತ್ತೋರ ಮನೆ ಅಂತ ಗೊತ್ತಾದ ಕೂಡಲೇ ಓಡಿದ್ರಂತೆ. ಮುಟ್ಟೋಕೂ ಅಸಹ್ಯ ಆಯ್ತು, ಅಲ್ವಾ?"

ಚುಕ್ಕಿ ಬೆಚ್ಚಿಬಿದ್ದಳು. ಹೀಗೂ ತಿಳಿದುಕೊಂಡರೇ! ಸುಮ್ಮನಿದ್ದರೆ ಇವನು ಹೋಗುತ್ತಾನೆ, ತನ್ನ ಕಳ್ಳತನ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸತ್ತವರೊಬ್ಬರ ಮೇಲೆ 'ಅಸಹ್ಯ' ಎಂಬ ಆ ಕೆಸರು ಉಳಿಯುತ್ತದೆ...

"ಆ ಹೆಬ್ಬೆಟ್ಟು ನಿಮ್ಮ ತಂದೆಯದ್ದಲ್ಲ" ಎಂದಳು. "ನಂದು."

"ಏನು?"

"ಕಲೆ ಅಂದುಕೊಂಡು ಒರೆಸಿಬಿಟ್ಟೆ. ಹೆದರಿಕೆಗೆ ನನ್ನ ಬೆರಳು ಒತ್ತಿದೆ. ಅಮ್ಮ ಅದನ್ನ ಕಣ್ಣಿಗೊತ್ತಿಕೊಂಡಾಗ... ಅಸಹ್ಯ ಆಗಿದ್ದು ನನ್ನ ಮೇಲೆ ನನಗೇ!"

ಬಯ್ದಿದ್ದರೆ ಚೆನ್ನಾಗಿತ್ತು. ಅವನು ಕೇಳಲು ಬಂದಿದ್ದ ಎಂಜಿನ್ನನ್ನೂ ಮರೆತು ಹೊರಟುಹೋದ.

ಪಕ್ಕದ ಕೋಣೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಮಾವ ಬಂದು ಅವಳ ಎದುರು ಕೂತ. ಆವತ್ತು ತಮಾಷೆ ಮಾಡಲಿಲ್ಲ.

"ಒರೆಸಿದ್ದು ಕೈತಪ್ಪು ಕಣಮ್ಮಾ. ಒತ್ತಿದ್ದು ಮಾತ್ರ ಬುದ್ಧಿತಪ್ಪು. ಅವನಿಗೆ ಹೇಳಿದೆ, ಸರಿ. ಆ ತಾಯಿಗೆ ಹೇಳೋರು ಯಾರು?"

ಆ ವಾರವೇ ಊರಿನ ಸಭಾಂಗಣದಲ್ಲಿ ಮಾದರಿ ರೈಲುಗಳ ಪ್ರದರ್ಶನವಿತ್ತು. ತಾಯಿಯೂ ಅಲ್ಲೇ ಇದ್ದಾರೆಂದು ತಿಳಿದು ಚುಕ್ಕಿ ತಲೆ ತಗ್ಗಿಸಿಕೊಂಡು ಹೋದಳು. ಸಹಿರಾಯನ ಮೇಜಿನ ಸುತ್ತ ಜನ. ಎಂಜಿನ್ನುಗಳ ಮಧ್ಯೆ, ಎಲ್ಲಕ್ಕಿಂತ ಮುಂದೆ ಗೇಟುಮನೆ. ಅದರ ಚಾವಣಿ ಬರಿದಾಗಿತ್ತು. ಅವಳ ಗುರುತನ್ನು ಅವನೇ ಒರೆಸಿದ್ದ. ಅವಳ ಕಾಲು ಅಲ್ಲೇ ನಿಂತಿತು.

"ಇದರ ಮೇಲೆ ಯಾರ ಸಹಿಯೂ ಇಲ್ವಲ್ಲ ಸಾರ್?" ಎಂದರು ಒಬ್ಬರು.

"ನಮ್ಮಪ್ಪನ ಹೆಬ್ಬೆಟ್ಟು ಇತ್ತು." ಮೈಕಿನವನ ಆ ದನಿ ಸಭಾಂಗಣದ ಮೂಲೆಮೂಲೆಗೂ ಕೇಳಿಸಿತು. "ಗೇಟು ಕಾಯ್ತಿದ್ದರು. ಓದು ಬರಹ ಬರ್ತಿರಲಿಲ್ಲ. ಈಗ ಅಳಿಸಿಹೋಗಿದೆ."

"ಅಯ್ಯೋ ಪಾಪ! ಯಾರು ಅಳಿಸಿದ್ದು?"

ಅವನು ತಡವರಿಸಿದ. ಹೆಸರು ಹೇಳಲು ಅವನಿಗೆ ಮನಸ್ಸಿರಲಿಲ್ಲ.

"ನಾನು!" ಎಂದಳು ಚುಕ್ಕಿ, ಗುಂಪಿನ ಹಿಂದಿನಿಂದ. ಎಲ್ಲರೂ ತಿರುಗಿದರು. ಅವಳು ಜನರನ್ನು ದಾಟಿ ತಾಯಿಯ ಮುಂದೆ ಬಂದು ಕುಸಿದು ಕೂತಳು. "ನಾನೇ ಅಮ್ಮ. ಒರೆಸಿದೋಳೂ ನಾನೇ, ಮೋಸ ಮಾಡಿದೋಳೂ ನಾನೇ. ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ..."

ತಾಯಿ ಗೇಟುಮನೆಯನ್ನು ಎತ್ತಿ ಎದೆಗೆ ಒತ್ತಿಕೊಂಡರು.

"ಇವನು ಹೇಳಿದಾಗ ಹೊಟ್ಟೆ ಉರೀತು ಮಗಳೇ, ಸುಳ್ಳು ಹೇಳಲ್ಲ" ಎಂದರು. "ಇನ್ನೂ ಉರೀತಿದೆ. ಆದ್ರೆ ಇದ್ರಲ್ಲಿ ನಿಂದೊಂದೇ ಪಾಲಲ್ಲ. ಏನೋ, ಬಾಯಿ ಬಿಡೋ! ಊರಿಗೆಲ್ಲ ರೈಲು ಕೂಗ್ತೀಯಲ್ಲ!"

ಸಹಿರಾಯ ಚುಕ್ಕಿಯ ಪಕ್ಕಕ್ಕೆ ಬಂದು ಕೂತ.

"ಆವತ್ತು ಮಾದರಿ ಕೊಡುವಾಗ, ಇದು ನಮ್ಮಪ್ಪನ ಹೆಬ್ಬೆಟ್ಟು, ಒರೆಸಬೇಡಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ. ನಾಚಿಕೆ ಆಯ್ತು. ನೀನು ಕೇಳಿದಾಗಲೂ 'ಯಾರೋ' ಅಂದೆ. ಹೆತ್ತಪ್ಪನ್ನ ಯಾರೋ ಅಂದೆ, ಚುಕ್ಕಿ... ನೀನು ಒರೆಸಿದ್ದು ಶಾಯಿ. ನಾನು ಅವರನ್ನೇ ಒರೆಸಿಹಾಕಿದ್ದೆ."

ಅವನ ಕಣ್ಣು ತುಂಬಿ ಬಂತು. ಅವನು 'ನೀನು' ಅಂದದ್ದು ಅವಳಿಗೆ ಆಗ ಹೊಳೆಯಿತು.

"ನನ್ನ ಮುಖ ನೋಡಿದಾಗೆಲ್ಲ ಅದೇ ನೆನಪಾಗತ್ತಲ್ಲ ನಿಮಗೆ?"

"ಆಗತ್ತೆ. ನೋವೂ ಆಗತ್ತೆ. ನಿನ್ನ ನೋಡದೆ ಇದ್ದ ಈ ದಿನಗಳಲ್ಲಿ ಅದಕ್ಕಿಂತ ಜಾಸ್ತಿ ಆಯ್ತು."

ಚುಕ್ಕಿ ಕಣ್ಣೊರೆಸಿಕೊಂಡಳು.

"ನನ್ನ ಮದುವೆ ಆಗ್ತೀಯಾ?"

ಸುತ್ತ ನಿಂತವರೆಲ್ಲ ಕತ್ತು ಚಾಚಿದರು. ಚುಕ್ಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಮೆಲ್ಲಗೆ ಕೇಳಬಾರದಾ? ಅಷ್ಟೂ ಜನ ನೋಡ್ತಿದ್ದಾರೆ..."

"ನೋಡಲಿ" ಎಂದ ಅವನು. "ಮೆಲ್ಲಗೆ ಮಾತಾಡಿ ಆಗಿದ್ದೆಲ್ಲ ಸಾಕು."

ಅವಳು ಬೆರಳ ಸಂದಿಯಿಂದ ಅವನನ್ನು ನೋಡಿದಳು. ಅಳುತ್ತಲೇ ನಕ್ಕಳು.

"ಹ್ಞೂಂ" ಎಂದಳು. ಆ ಮಾತು ಗುಂಪಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಅವನೊಬ್ಬನನ್ನು ಬಿಟ್ಟು.