ಜ್ವರ ಬಂದದ್ದು ಯಾಕೆ

“ನಾಲ್ಕು ಕೆಜಿ ಎಂಟುನೂರು!” ಎಂದು ಮಧುಶ್ರೀ ಕೂಗಿಯೇಬಿಟ್ಟಳು.

ಜಗಲಿಯಲ್ಲಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು. ತೊಲೆಗೆ ಕಟ್ಟಿದ್ದ ತಕ್ಕಡಿಯ ಜೋಳಿಗೆಯಲ್ಲಿ ಅವಳ ಒಂದೂವರೆ ತಿಂಗಳ ತಮ್ಮ ಕಾಲು ಬಡಿಯುತ್ತಿದ್ದ. ನರ್ಸ್ ಉಷಾರಾಣಿ ತಕ್ಕಡಿಯ ಮುಳ್ಳಿಗೆ ಸೆರಗು ಮರೆಮಾಡಿಯೇ ನೋಡುತ್ತಿದ್ದರು. ಯಾರ ಮನೆಯಲ್ಲೂ ಅವರು ಕೂಸಿನ ತೂಕವನ್ನು ಬಾಯಿಬಿಟ್ಟು ಹೇಳುವವರಲ್ಲ, ಕಾರ್ಡಿನಲ್ಲಿ ಬರೆದು ಸುಮ್ಮನಾಗುತ್ತಿದ್ದರು. ಐದನೇ ಕ್ಲಾಸಿನ ಈ ಜಾಣೆ ಇಣುಕಿ ಓದಿ ಊರಿಗೆಲ್ಲ ಸಾರಿದ್ದಳು.

“ಮೂದೇವಿ! ನಾಕು ಜನದೆದುರಿಗೆ ಕೂಸಿನ ತೂಕ ಕೂಗ್ತಾರೇನೇ? ದೃಷ್ಟಿ ಆಗಾಕಿಲ್ವಾ?” ಎಂದು ಅಜ್ಜಿ ಶಿವನಂಜಮ್ಮ ಬೈದಳು.

ಉಷಾರಾಣಿ ಕೂಸಿನ ತೊಡೆಗೆ ಇಂಜೆಕ್ಷನ್ ಕೊಟ್ಟರು. ಅಜ್ಜಿಯ ಸಮಾಧಾನಕ್ಕೆ ಕೆನ್ನೆಗೊಂದು ಕಾಡಿಗೆ ಬೊಟ್ಟನ್ನೂ ಇಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ಮಧುಶ್ರೀಯ ಅವ್ವನ ಕೈಗೆ ಜ್ವರದ ಡ್ರಾಪ್ಸ್ ಕೊಟ್ಟು, “ಇಂಜೆಕ್ಷನ್‌ಗೆ ಸಂಜೆ ಸ್ವಲ್ಪ ಜ್ವರ ಬರುತ್ತೆ. ಹೆದರಬೇಡ, ನಾಳೆ ಇಳಿಯುತ್ತೆ” ಎಂದು ಪಿಸುಗುಟ್ಟಿದರು. ನೀರು ಕುಡಿಯಲು ಬಂದಿದ್ದ ಮಧುಶ್ರೀಗೂ ಅದು ಕೇಳಿಸಿತು.

ಸಂಜೆ ಜ್ವರ ಬಂತು, ಅಜ್ಜಿ ದೃಷ್ಟಿ ತೆಗೆದಳು, ಮರುದಿನ ಜ್ವರ ಬಿಟ್ಟಿತು. ಬಿಡದೇ ಹೋದದ್ದು ಅಜ್ಜಿಯ ಬೈಗುಳ. “ಇವಳ ಬಾಯಿಂದ ಕೂಸಿನ ಮೈ ಕಾದ ಹೆಂಚಾಗೋಯ್ತು” ಎಂದು ಬೀದಿಯವರಿಗೆಲ್ಲ ಹೇಳಿದ್ದೇ ಹೇಳಿದ್ದು. ತಮ್ಮನನ್ನು ಎತ್ತಿಕೊಳ್ಳಲೂ ಬಿಡಲಿಲ್ಲ.

ಮುಂದಿನ ಗುರುವಾರ ಉಷಾರಾಣಿ ಬಂದಾಗ ಅಜ್ಜಿ ಅದೇ ದೂರು ಹೇಳಿದಳು. ಸಿಸ್ಟರ್ ಈಗಲಾದರೂ ನಿಜ ಹೇಳುತ್ತಾರೆಂದು ಮಧುಶ್ರೀ ಅವರ ಮುಖವನ್ನೇ ನೋಡಿದಳು.

“ದೃಷ್ಟಿ ತೆಗೆದ್ರಲ್ಲ, ಸರಿಹೋಯ್ತು ಬುಡಿ ಅವ್ವಾ. ಮುಂದಿನ ತಿಂಗಳು ಇನ್ನೊಂದು ಇಂಜೆಕ್ಷನ್‌ಗೆ ಬತ್ತೀನಿ” ಎಂದು ಅವರು ಸ್ಕೂಟಿ ಹತ್ತಿದರು.

ಮಧುಶ್ರೀಗೆ ಸಿಟ್ಟಿಗೆ ಅಳುವೇ ಬಂತು. “ಸುಳ್ಳು ಕಣಜ್ಜಿ! ದೃಷ್ಟಿ ಅಲ್ಲ, ಇಂಜೆಕ್ಷನ್‌ಗೇ ಜ್ವರ ಬಂದಿದ್ದು. ಸಿಸ್ಟರೇ ಅವ್ವನ ತಾವ ಹೇಳಿದ್ರು. ಅದರಿಂದ ಏನೂ ಆಗಲ್ವಂತೆ.”

ಕೊನೆಯ ಮಾತು ಅಜ್ಜಿಯ ಕಿವಿಗೆ ಬೀಳಲೇ ಇಲ್ಲ. “ಅಂಗಾ? ನಿಂದೇನೂ ತಪ್ಪಿಲ್ಲ ಬುಡು ಮಗ” ಎಂದು ಮೊಮ್ಮಗಳ ತಲೆ ಸವರಿದಳು. ಅಂದು ಮಧುಶ್ರೀ ತಮ್ಮನನ್ನು ಎತ್ತಿಕೊಂಡು ಮನೆಯೆಲ್ಲ ಓಡಾಡಿದಳು.

ಮರುತಿಂಗಳು ಉಷಾರಾಣಿ ಬಂದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಚೆನ್ನಾಗಿರೋ ಕೂಸಿಗೆ ಜ್ವರ ಬರ್ಸೋ ಇಂಜೆಕ್ಷನ್ ನಮಗೆ ಬ್ಯಾಡ. ನನ್ನ ತಾವ ಯಾಕೆ ಮುಚ್ಚಿಟ್ರಿ?”

“ನಂದು ತಪ್ಪಾಯ್ತು ಅವ್ವಾ. ಆದ್ರೆ ಇದನ್ನ ಬಿಡಬೇಡಿ. ನಾಯಿಕೆಮ್ಮು ಬಂದ್ರೆ ಕೂಸು ತಡ್ಕೊಳ್ಳಲ್ಲ.”

ಅಜ್ಜಿ ಬಾಗಿಲು ಹಾಕಿದಳು. ಅವ್ವ ಒಲೆಯ ಮುಂದೆ ತಲೆ ತಗ್ಗಿಸಿ ಕೂತಳು. ಮಧುಶ್ರೀ ಕಿಟಕಿಗೆ ಓಡಿದಳು. ಇಂಜೆಕ್ಷನ್ನಿನ ಜ್ವರದ ಸುದ್ದಿಯನ್ನೂ ಅಜ್ಜಿ ಬೀದಿಗೆಲ್ಲ ಹೇಳಿದ್ದಳು. ಪಕ್ಕದ ಮನೆಯವರು “ಮಗ ಮಲಗೈತೆ” ಎಂದರು. ಎದುರು ಮನೆಯವರೂ ಹಾಗೇ ಅಂದರು. ಉಷಾರಾಣಿ ಐಸ್ ತುಂಬಿದ ಔಷಧಿ ಡಬ್ಬವನ್ನು ಮುಚ್ಚಳ ಕೂಡ ತೆರೆಯದೆ ವಾಪಸ್ ಸ್ಕೂಟಿಗೆ ಕಟ್ಟಿದರು.

ಸಿಸ್ಟರ್ ಅವತ್ತು ದೃಷ್ಟಿಗೆ ಯಾಕೆ ಹೂಂಗುಟ್ಟಿದರೆಂದು ಮಧುಶ್ರೀಗೆ ಈಗ ತಿಳಿಯಿತು. ಅವಳು ಅಜ್ಜಿಯ ಹತ್ತಿರ ಬಂದು ನಿಂತಳು.

“ಅಜ್ಜಿ, ನಾನು ಸುಳ್ಳು ಹೇಳಿದ್ದೆ. ಜ್ವರ ಬಂದಿದ್ದು ನನ್ನ ದೃಷ್ಟಿಗೇ.”

ಅಜ್ಜಿ ನಂಬಲಿಲ್ಲ.